ಬಾನಿನ ಬೆಳಕಿಗೆ ಮಹಜರು ಬರೆಯುವವರು

(ಶಿವಮೊಗ್ಗದಲ್ಲಿ ಹವ್ಯಾಸಿ ಆಕಾಶ ವೀಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆಯಲಾಗಿದೆ. ಕೊನೆಯ ಪ್ರಶ್ನೋತ್ತರದಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.)

ಮಾನ್ಯರೇ,

1952ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸ್ಟರ್ಜನ್ ಬೇ ಎಂಬ ಸಣ್ಣ ಊರಿನಲ್ಲಿ ಕೋರಲ್ ಮತ್ತು ಜಿಮ್ ಲೊರೆನ್ಜೆನ್ ಎಂಬ ದಂಪತಿ ಒಂದು ಸಂಘ ಕಟ್ಟಿದರು. ಏರಿಯಲ್ ಫಿನಾಮಿನಾ ರಿಸರ್ಚ್ ಆರ್ಗನೈಸೇಶನ್ ಎಂಬುದು ಅದರ ಪೂರ್ಣ ಹೆಸರು, ಬಳಕೆಯಲ್ಲಿ ಆಪ್ರೋ. ಆಕಾಶದಲ್ಲಿ ಗುರುತು ಸಿಗದ ವಸ್ತುಗಳನ್ನು ಕಂಡೆವೆನ್ನುವವರ ಹೇಳಿಕೆಗಳನ್ನು ಸಂಗ್ರಹಿಸಿ ವಿಚಾರಣೆ ಮಾಡುವುದು ಅದರ ಕೆಲಸ. ಅದಕ್ಕೂ ಐದು ವರ್ಷ ಮೊದಲು, 1947ರ ಜೂನ್ 24ರಂದು, ಕೆನೆತ್ ಆರ್ನಾಲ್ಡ್ ಎಂಬ ವಿಮಾನ ಚಾಲಕ ಮೌಂಟ್ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದು ಹೇಳಿದ್ದು, ಪತ್ರಿಕೆಗಳು ಅವನ್ನು ಹಾರುವ ತಟ್ಟೆಗಳೆಂದು ಕರೆದದ್ದು ನಿಮಗೆಲ್ಲ ತಿಳಿದ ಕಥೆ. ನನಗೆ ಕುತೂಹಲವಿರುವುದು ಆ ತಟ್ಟೆಗಳ ಕುರಿತಲ್ಲ, ಲೊರೆನ್ಜೆನ್ ದಂಪತಿಯಂಥವರ ಕುರಿತು. ಸಂಬಳವಿಲ್ಲದೆ, ಯಾರ ಆದೇಶವೂ ಇಲ್ಲದೆ, ರಜಾದಿನಗಳಲ್ಲಿ ಪರವೂರಿಗೆ ಹೋಗಿ ಅಪರಿಚಿತರ ಜಗಲಿಯಲ್ಲಿ ಕುಳಿತು "ನೀವು ಕಂಡದ್ದು ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತು" ಎಂದು ಕೇಳಿ ಬರೆದುಕೊಂಡವರು ಅವರು. ಎಪ್ಪತ್ತು ವರ್ಷಗಳ ಈ ಚರಿತ್ರೆಯಿಂದ ನಮ್ಮ ಮಲೆನಾಡಿನಲ್ಲಿ ನಾವು ಏನನ್ನು ಪಡೆಯಬಹುದು, ಏನನ್ನು ಬಿಡಬೇಕು ಎಂಬುದೇ ಇಂದಿನ ವಿಷಯ.

ಸರಕಾರ ಮಾಡಬೇಕಾದ ಕೆಲಸವನ್ನು ನಾಗರಿಕರು ಏಕೆ ಕೈಗೆತ್ತಿಕೊಂಡರು ಎಂದು ನೀವು ಕೇಳಬಹುದು. ಅಮೆರಿಕದ ವಾಯುಸೇನೆ 1948ರಿಂದಲೇ ವಿಚಾರಣೆ ನಡೆಸುತ್ತಿತ್ತು. ಅದರ ಕೊನೆಯ ಮತ್ತು ದೀರ್ಘವಾದ ಹಂತವಾದ ಪ್ರಾಜೆಕ್ಟ್ ಬ್ಲೂ ಬುಕ್ 1952ರಿಂದ 1969ರವರೆಗೆ ನಡೆಯಿತು. ಆದರೆ ಸೇನೆಗೆ ಬೇಕಾಗಿದ್ದುದು, ಕಂಡ ವಸ್ತುವಿನಿಂದ ದೇಶಕ್ಕೆ ಅಪಾಯವಿದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ. ಅಪಾಯವಿಲ್ಲವೆಂದು ಖಾತ್ರಿಯಾದ ಕೂಡಲೇ ಕಡತ ಮುಚ್ಚುತ್ತಿತ್ತು; ಕಂಡವನಿಗೆ ಮಾತ್ರ ತಾನು ಕಂಡದ್ದು ಏನೆಂದು ತಿಳಿಯದೆಯೇ ಉಳಿಯುತ್ತಿತ್ತು. ಆ ತೆರವಿನಲ್ಲಿ ಬೆಳೆದವು ಈ ಸಂಘಗಳು. 1956ರಲ್ಲಿ ನೈಕ್ಯಾಪ್, 1960ರ ದಶಕದಲ್ಲಿ ಬ್ರಿಟನ್ನಿನ ಬುಫೋರಾ, 1969ರ ಮೇ ತಿಂಗಳಲ್ಲಿ ಆಪ್ರೋದಿಂದ ಸಿಡಿದು ಹೊರಬಂದವರು ಕಟ್ಟಿದ ಮುಫಾನ್, ಹೀಗೆ ಪಟ್ಟಿ ಬೆಳೆಯುತ್ತದೆ. ಒಡೆಯುವುದರಲ್ಲಿ ಈ ಸಂಘಗಳು ನಮ್ಮ ಯಕ್ಷಗಾನ ಮೇಳಗಳಿಗೆ ಏನೂ ಕಡಿಮೆಯಿರಲಿಲ್ಲ.

ಇವರಲ್ಲಿ ಒಬ್ಬರನ್ನು ಮಾತ್ರ ಹೆಸರಿಸಿ ಸ್ವಲ್ಪ ವಿವರವಾಗಿ ಹೇಳಬೇಕು. ಜೆ. ಆಲೆನ್ ಹೈನೆಕ್ ಖಗೋಳವಿಜ್ಞಾನದ ಪ್ರಾಧ್ಯಾಪಕರು, ವಾಯುಸೇನೆಯ ಸಲಹೆಗಾರರು. 1966ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದ ಡೆಕ್ಸ್‌ಟರ್ ಮತ್ತು ಹಿಲ್ಸ್‌ಡೇಲ್ ಎಂಬ ಊರುಗಳ ಬಳಿ ಅನೇಕರಿಗೆ ಬೆಳಕುಗಳು ಕಂಡಾಗ, ಅವು ಜೌಗು ನೆಲದಿಂದ ಹೊಮ್ಮಿದ ಅನಿಲದ ಉರಿ ಇರಬಹುದೆಂದು ಅವರು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. "ಇರಬಹುದು" ಎಂಬುದು ಪತ್ರಿಕೆಗಳಲ್ಲಿ ಅಚ್ಚಾಗುವಾಗ ಬಿದ್ದುಹೋಯಿತು, "ಜೌಗಿನ ಅನಿಲ" ಮಾತ್ರ ಉಳಿಯಿತು. ವ್ಯಂಗ್ಯಚಿತ್ರಗಳು ಬಂದವು; ಆ ರಾಜ್ಯದ ಪ್ರತಿನಿಧಿಯಾಗಿದ್ದ, ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಸಂಸತ್ತಿನ ವಿಚಾರಣೆಗೆ ಒತ್ತಾಯಿಸಿದರು. ಇದರ ಫಲವಾಗಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಕಾಂಡನ್ ಎಂಬ ಭೌತವಿಜ್ಞಾನಿಯ ನೇತೃತ್ವದಲ್ಲಿ ಅಧ್ಯಯನವೊಂದು ನಡೆದು, ಈ ವಿಷಯದಿಂದ ವಿಜ್ಞಾನಕ್ಕೆ ಲಾಭವಾಗುವ ಸಂಭವ ಕಡಿಮೆ ಎಂದು ವರದಿ ಬಂತು. ಅದನ್ನು ಆಧರಿಸಿ 1969ರ ಡಿಸೆಂಬರ್‌ನಲ್ಲಿ ಬ್ಲೂ ಬುಕ್ ಮುಚ್ಚಿತು. ಅಷ್ಟರಲ್ಲಿ ಹೈನೆಕ್ ಅವರ ನಿಲುವು ಬದಲಾಗಿತ್ತು. ಸಾಕ್ಷಿಗಳನ್ನು ಸರಿಯಾಗಿ ಮಾತನಾಡಿಸದೆಯೇ ತೀರ್ಪು ಕೊಡುವ ಪದ್ಧತಿ ಅವರಿಗೆ ಸಾಕಾಗಿ, 1973ರಲ್ಲಿ ತಮ್ಮದೇ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಹಾರುವ ತಟ್ಟೆಗಳನ್ನು ನಂಬಿದವರು ಅವರನ್ನು ತಮ್ಮವರೆಂದು ಹೇಳಿಕೊಳ್ಳುತ್ತಾರೆ, ನಂಬದವರು ದಾರಿ ತಪ್ಪಿದವರೆನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಅವರು ಮೂಲತಃ ವರದಿಗಳ ಗುಣಮಟ್ಟದ ಬಗ್ಗೆ ತಲೆ ಕೆಡಿಸಿಕೊಂಡ ಮೇಷ್ಟ್ರು.

ಈಗ ಕೆಲಸದ ಮಾತಿಗೆ ಬರೋಣ. ಸ್ವಯಂಸೇವಕ ತನಿಖೆಗಾರನ ಮುಖ್ಯ ಆಯುಧ ದೂರದರ್ಶಕವೂ ಅಲ್ಲ, ಕ್ಯಾಮೆರಾವೂ ಅಲ್ಲ. ಪ್ರಶ್ನೆಗಳನ್ನು ಅಚ್ಚು ಹಾಕಿದ ಕೆಲವು ಪುಟಗಳ ಒಂದು ನಮೂನೆ. ಅದರ ಬೆಲೆ ಏನೆಂಬುದನ್ನು ಜಿಮ್ಮಿ ಕಾರ್ಟರ್ ಅವರ ಪ್ರಸಂಗದಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಜಾರ್ಜಿಯಾ ರಾಜ್ಯದ ಗವರ್ನರ್ ಆಗಿದ್ದ ಕಾರ್ಟರ್, 1973ರಲ್ಲಿ ನಾಗರಿಕ ಸಂಘವೊಂದು ಕಳುಹಿಸಿದ ನಮೂನೆಯನ್ನು ಸ್ವಹಸ್ತದಿಂದ ತುಂಬಿಸಿದರು. ಲಿಯರಿ ಎಂಬ ಊರಿನಲ್ಲಿ ಲಯನ್ಸ್ ಕ್ಲಬ್ಬಿನ ಸಭೆಯಲ್ಲಿ ಭಾಷಣ ಮಾಡಬೇಕಾಗಿದ್ದ ಸಂಜೆ, ಹತ್ತಾರು ಜನರ ಜೊತೆಯಲ್ಲಿ ಹೊರಗೆ ನಿಂತಿದ್ದಾಗ, ಪಶ್ಚಿಮದ ಬಾನಿನಲ್ಲಿ ಬಣ್ಣ ಬದಲಿಸುವ ಪ್ರಕಾಶಮಾನವಾದ ಬೆಳಕೊಂದು ಹತ್ತು ನಿಮಿಷದಷ್ಟು ಹೊತ್ತು ಕಂಡಿತೆಂದೂ, ಅದು ಹತ್ತಿರ ಬಂದು ದೂರ ಸರಿದಂತೆ ತೋರಿತೆಂದೂ, ದೂರ ಮುನ್ನೂರರಿಂದ ಸಾವಿರ ಗಜವಿರಬಹುದೆಂದೂ ಬರೆದರು. ದಿನಾಂಕದ ಜಾಗದಲ್ಲಿ 1969ರ ಅಕ್ಟೋಬರ್ ಎಂದು ನಮೂದಿಸಿದರು.

ಕಾರ್ಟರ್ 1977ರಲ್ಲಿ ಅಧ್ಯಕ್ಷರಾದಾಗ ಈ ಕಾಗದಕ್ಕೆ ಬಹಳ ಪ್ರಚಾರ ಸಿಕ್ಕಿತು. ರಾಬರ್ಟ್ ಶೇಫರ್ ಎಂಬ ಸಂದೇಹವಾದಿ, ಅವರೂ ಸರಕಾರಿ ನೌಕರಿಯಿಂದಲ್ಲದೆ ಸ್ವಂತ ಆಸಕ್ತಿಯಿಂದ ಈ ಕೆಲಸ ಮಾಡುತ್ತಿದ್ದವರು, ಬೆಳಕಿನ ಗೊಡವೆಗೆ ಹೋಗದೆ ಮೊದಲು ದಿನಾಂಕವನ್ನು ಹಿಡಿದರು. ಲಯನ್ಸ್ ಕ್ಲಬ್ಬಿನ ದಾಖಲೆಗಳಲ್ಲಿ ಕಾರ್ಟರ್ ಅವರ ಭೇಟಿ 1969ರ ಜನವರಿ 6ರಂದು ಎಂದಿತ್ತು. ಆ ಸಂಜೆಯ ಆಕಾಶವನ್ನು ಲೆಕ್ಕ ಹಾಕಿದರೆ, ಕಾರ್ಟರ್ ಹೇಳಿದ ದಿಕ್ಕಿಗೂ ಎತ್ತರಕ್ಕೂ ಬಹಳ ಹತ್ತಿರದಲ್ಲಿ ಶುಕ್ರಗ್ರಹ ಬೆಳಗುತ್ತಿತ್ತು. ಸಾವಿರ ಗಜ ಎಂದದ್ದು ಕೋಟ್ಯಂತರ ಕಿಲೋಮೀಟರ್ ಆಯಿತು. ಕಾರ್ಟರ್ ನೌಕಾದಳದ ಅಧಿಕಾರಿಯಾಗಿದ್ದವರು, ಪರಮಾಣು ತಂತ್ರಜ್ಞಾನದಲ್ಲಿ ತರಬೇತಿ ಪಡೆದವರು, ಸುಳ್ಳು ಹೇಳುವ ಮನುಷ್ಯರಲ್ಲ ಎಂಬುದನ್ನೂ ಜೊತೆಗೆ ನೆನಪಿಡಬೇಕು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಅದೇ ಸಂಜೆ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಿಂದ ಹಾರಿಸಿದ ರಾಕೆಟ್ಟೊಂದು ಮೇಲಿನ ವಾತಾವರಣದಲ್ಲಿ ಬೇರಿಯಂ ಎಂಬ ಲೋಹದ ಆವಿಯ ಮೋಡವನ್ನು ಬಿಟ್ಟಿತ್ತೆಂದೂ, ಬಣ್ಣ ಬದಲಿಸುವ ಬೆಳಕಿಗೆ ಅದೇ ಹೆಚ್ಚು ಒಪ್ಪುವ ವಿವರಣೆಯೆಂದೂ ದಶಕಗಳ ನಂತರ ಇನ್ನೊಬ್ಬರು ವಾದಿಸಿದರು. ಶುಕ್ರವೋ ಬೇರಿಯಂ ಮೋಡವೋ ಎಂಬ ಚರ್ಚೆ ಇಂದು ಸಾಧ್ಯವಾಗಿರುವುದು, ದಿಕ್ಕು, ಎತ್ತರ, ಅವಧಿ ಎಂಬ ಸಪ್ಪೆ ಪ್ರಶ್ನೆಗಳನ್ನು ಯಾರೋ ಒಬ್ಬರು ಕಾಗದದ ಮೇಲೆ ಅಚ್ಚು ಹಾಕಿಸಿ ಕಳುಹಿಸಿದ್ದರಿಂದ, ಮತ್ತು ಬಂದ ಉತ್ತರವನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಲಯನ್ಸ್ ಕ್ಲಬ್ಬು ನಮ್ಮ ತೀರ್ಥಹಳ್ಳಿ, ಸಾಗರಗಳಲ್ಲೂ ಇದೆ. ಅವುಗಳ ಸಭಾ ನಡಾವಳಿಯ ಪುಸ್ತಕಗಳು ಯಾವ ದಿನ ಯಾವ ಕೆಲಸಕ್ಕೆ ಬರುತ್ತವೋ ಹೇಳುವಂತಿಲ್ಲ.

ಕಂಡವರು ಸುಳ್ಳು ಹೇಳುವುದು ಅಪರೂಪ. ಕಣ್ಣು ಮತ್ತು ನೆನಪು ಸೇರಿ ಮಾಡುವ ಕೆಲಸ ಬೇರೆಯೇ. ಕತ್ತಲಲ್ಲಿ ಒಂದೇ ಬೆಳಕಿನ ಚುಕ್ಕೆಯನ್ನು ದಿಟ್ಟಿಸಿದರೆ, ಅದು ನಿಶ್ಚಲವಾಗಿದ್ದರೂ ಅಲುಗಿದಂತೆ ಕಾಣುತ್ತದೆ. ಇದು ಪ್ರಯೋಗಶಾಲೆಯಲ್ಲಿ ದೃಢಪಟ್ಟ ಸಂಗತಿ. ಹೋಲಿಕೆಗೆ ಮರವೋ ಗುಡ್ಡವೋ ಇಲ್ಲದಿದ್ದರೆ ದೂರವನ್ನೂ ಗಾತ್ರವನ್ನೂ ಅಂದಾಜು ಮಾಡುವುದು ಯಾರಿಂದಲೂ ಸಾಧ್ಯವಿಲ್ಲ. 1968ರ ಮಾರ್ಚ್ 3ರ ರಾತ್ರಿ ಸೋವಿಯತ್ ಒಕ್ಕೂಟದ ಜಾಂಡ್-4 ನೌಕೆಯನ್ನು ಒಯ್ದ ರಾಕೆಟ್ಟಿನ ಅವಶೇಷಗಳು ವಾತಾವರಣಕ್ಕೆ ಮರಳಿ ಉರಿದಾಗ, ಅಮೆರಿಕದ ಹಲವು ರಾಜ್ಯಗಳ ಜನ ಅದನ್ನು ಕಂಡರು. ಹೆಚ್ಚಿನವರು ಉರಿಯುವ ತುಣುಕುಗಳ ಸಾಲನ್ನೇ ವರ್ಣಿಸಿದರು. ಕೆಲವರು ಮಾತ್ರ ಬೆಳಗಿದ ಕಿಟಕಿಗಳಿದ್ದ ಉದ್ದನೆಯ ನೌಕೆಯನ್ನು ಕಂಡೆವೆಂದರು. ಬಿಡಿ ಬೆಳಕುಗಳ ನಡುವಿನ ಕತ್ತಲನ್ನು ಮನಸ್ಸು ಒಂದು ಒಡಲಾಗಿ ಕೂಡಿಸಿಬಿಟ್ಟಿತ್ತು. ನಮ್ಮ ದೇಶದಲ್ಲೂ 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಆಕಾಶದಲ್ಲಿ ಇಂಥದೇ ಬೆಂಕಿಯ ಸಾಲು ಕಂಡಿತು. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತು. ಅದು ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗವೆಂದು ಗುರುತಿಸಲಾಯಿತು.

ಶಿಸ್ತಿನ ತರಬೇತಿಯಿದ್ದರೆ ಇಂಥ ಭ್ರಮೆಗಳು ಆಗುವುದಿಲ್ಲವೆನ್ನುವವರಿಗೆ ಲಡಾಖ್‌ನ ಉದಾಹರಣೆ ಕೊಡುತ್ತೇನೆ. 2012ರ ಆಗಸ್ಟ್‌ನಿಂದ ಮುಂದಿನ ವರ್ಷದ ಫೆಬ್ರವರಿಯವರೆಗೆ ಗಡಿಯಲ್ಲಿದ್ದ ನಮ್ಮ ಸೈನಿಕರು ಸರೋವರವೊಂದರ ಮೇಲೆ ಗುರುತು ಸಿಗದ ಬೆಳಕುಗಳನ್ನು 329 ಬಾರಿ ದಾಖಲಿಸಿದರು. ಅವು ಚೀನಾದ ಗೂಢಚಾರ ಡ್ರೋನ್‌ಗಳೆಂಬ ಶಂಕೆಯಿತ್ತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ನೆರವು ಕೇಳಲಾಯಿತು. ಬೆಳಕುಗಳು ನಕ್ಷತ್ರಗಳ ಜೊತೆಯಲ್ಲಿ ಸಾಗುತ್ತಿವೆಯೇ, ಭೂಮಿಗೆ ಸಂಬಂಧಿಸಿದಂತೆ ಬೇರೆ ರೀತಿಯಲ್ಲಿ ಚಲಿಸುತ್ತಿವೆಯೇ ಎಂದು ಗುರುತುಮಾಡಿ ನೋಡಿದಾಗ, ಅವು ಗುರು ಮತ್ತು ಶುಕ್ರ ಎಂಬುದು ಹೊರಬಂತು. ಈ ಪ್ರಸಂಗವನ್ನು ಹೇಳಿ ನಗುವವರಿದ್ದಾರೆ; ನನಗೆ ನಗು ಬರುವುದಿಲ್ಲ. ಆ ಸೈನಿಕರು ಅಷ್ಟು ನಿಷ್ಠೆಯಿಂದ ಸಮಯ ಮತ್ತು ದಿಕ್ಕುಗಳನ್ನು ಬರೆದಿಡದಿದ್ದರೆ ಉತ್ತರವೇ ಸಿಗುತ್ತಿರಲಿಲ್ಲ.

ಹಾಗಿದ್ದರೆ ಎಲ್ಲವೂ ಶುಕ್ರಗ್ರಹವೇ? ಇಲ್ಲ. ಬ್ಲೂ ಬುಕ್‌ನ 12,618 ವರದಿಗಳಲ್ಲಿ 701 ಗುರುತು ಸಿಗದೆ ಉಳಿದವು. ಹೈನೆಕ್ ಅವರ ಕೇಂದ್ರಕ್ಕಾಗಿ ಆಲನ್ ಹೆಂಡ್ರಿ ಎಂಬ ತನಿಖೆಗಾರ 1970ರ ದಶಕದಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿದಾಗಲೂ, ಹತ್ತರಲ್ಲಿ ಒಂಬತ್ತರ ಆಸುಪಾಸಿಗೆ ಗ್ರಹ, ನಕ್ಷತ್ರ, ಉಲ್ಕೆ, ಬಲೂನು, ರಾತ್ರಿ ಹೊತ್ತು ದೀಪದ ಅಕ್ಷರಗಳನ್ನು ಹೊತ್ತು ಹಾರುವ ಜಾಹೀರಾತು ವಿಮಾನ ಮುಂತಾದ ಸಾಮಾನ್ಯ ಕಾರಣಗಳು ಸಿಕ್ಕವು. ಉಳಿಕೆಯನ್ನು ಏನು ಮಾಡುವುದೆಂಬಲ್ಲಿ ಫ್ರಾನ್ಸಿನ ಪದ್ಧತಿ ಎಲ್ಲಕ್ಕಿಂತ ಮೇಲು ಎಂದು ನನಗೆ ಅನ್ನಿಸುತ್ತದೆ. ಅಲ್ಲಿ 1977ರಿಂದ ರಾಷ್ಟ್ರೀಯ ಬಾಹ್ಯಾಕಾಶ ಸಂಸ್ಥೆಯೊಳಗೇ ಒಂದು ಘಟಕವಿದೆ. ಈಗಿನ ಅದರ ಹೆಸರು ಗೈಪಾನ್. ಪೊಲೀಸರು ಹೇಳಿಕೆ ಪಡೆಯುತ್ತಾರೆ, ತರಬೇತಿ ಪಡೆದ ಸ್ವಯಂಸೇವಕರು ಸ್ಥಳಕ್ಕೆ ಹೋಗುತ್ತಾರೆ. ಪ್ರಕರಣಗಳನ್ನು ನಾಲ್ಕು ವರ್ಗ ಮಾಡುತ್ತಾರೆ: ಖಚಿತವಾಗಿ ಗುರುತಾದದ್ದು, ಬಹುಶಃ ಗುರುತಾದದ್ದು, ಮಾಹಿತಿ ಸಾಲದೆ ಗುರುತಾಗದ್ದು, ಸಾಕಷ್ಟು ಒಳ್ಳೆಯ ಮಾಹಿತಿಯಿದ್ದೂ ಗುರುತಾಗದ್ದು. ಮೂರನೆಯದನ್ನೂ ನಾಲ್ಕನೆಯದನ್ನೂ ಬೇರ್ಪಡಿಸಿದ್ದೇ ಅವರ ಹೆಚ್ಚುಗಾರಿಕೆ. ಬೇರೆಡೆಯ ಪಟ್ಟಿಗಳಲ್ಲಿ ಇವೆರಡೂ ಬೆರೆತು, ಅರೆಬರೆ ಹೇಳಿಕೆಗಳೆಲ್ಲ ರಹಸ್ಯವೆಂಬ ಪದವಿ ಪಡೆದುಬಿಡುತ್ತವೆ. ಬೇರ್ಪಡಿಸಿದ ಮೇಲೆ ನಾಲ್ಕನೆಯ ವರ್ಗದಲ್ಲಿ ಉಳಿಯುವುದು ಶೇಕಡಾ 3ರ ಆಸುಪಾಸು.

ಈ ಸಂಘಗಳು ಸೋತದ್ದೆಲ್ಲಿ ಎಂಬುದನ್ನೂ ನೋಡಬೇಕು. ನಿವೃತ್ತ ಸೇನಾಧಿಕಾರಿ ಡೊನಾಲ್ಡ್ ಕೀಹೋ ನಡೆಸಿದ ನೈಕ್ಯಾಪ್, ಸರಕಾರ ಸತ್ಯವನ್ನು ಮುಚ್ಚಿಟ್ಟಿದೆ ಎಂದು ಮೊದಲೇ ತೀರ್ಮಾನಿಸಿ, ಸಂಸತ್ತಿನಲ್ಲಿ ವಿಚಾರಣೆ ನಡೆಸಬೇಕೆಂಬ ಹೋರಾಟದಲ್ಲಿ ತನ್ನ ಬಹುಪಾಲು ಶಕ್ತಿಯನ್ನು ಕಳೆಯಿತು. ಇನ್ನು ಕೆಲವರು ಸಾಕ್ಷಿಗಳನ್ನು ಸಂಮೋಹನಕ್ಕೆ ಒಳಪಡಿಸಿ ಮರೆತ ಘಟನೆಗಳನ್ನು ಹೊರತೆಗೆಯಲು ಹೊರಟರು. ಸಂಮೋಹನದಲ್ಲಿ ನೆನಪು ಹೊರಬರುವಷ್ಟೇ ಸುಲಭವಾಗಿ ಹೊಸದಾಗಿ ಹುಟ್ಟಿಕೊಳ್ಳುತ್ತದೆ; ಕೇಳುವವನ ಪ್ರಶ್ನೆಯೇ ಹೇಳುವವನ ಉತ್ತರವಾಗುತ್ತದೆ. 1980ರ ದಶಕದಲ್ಲಿ ಬ್ರಿಟನ್ನಿನ ಬುಫೋರಾ ತನ್ನ ಸದಸ್ಯರಿಗೆ ಈ ವಿಧಾನವನ್ನು ನಿಷೇಧಿಸಿತು. ಆ ಒಂದು ನಿರ್ಣಯಕ್ಕಾಗಿ ಅವರಿಗೆ ನಮಸ್ಕಾರ ಹೇಳಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ನಷ್ಟ ಕಡತಗಳದ್ದು. ಜಿಮ್ ಲೊರೆನ್ಜೆನ್ 1986ರಲ್ಲಿ, ಕೋರಲ್ 1988ರಲ್ಲಿ ತೀರಿಕೊಂಡ ಮೇಲೆ ಆಪ್ರೋ ಮುಚ್ಚಿತು. ಮೂರೂವರೆ ದಶಕ ಕೂಡಿಟ್ಟ ದಾಖಲೆಗಳು ಖಾಸಗಿ ಕೈಸೇರಿ ಬಹುಕಾಲ ಸಂಶೋಧಕರಿಗೆ ದೊರೆಯಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಸ್ವೀಡನ್ನಿನ ನಾರ್‌ಶೋಪಿಂಗ್ ಪಟ್ಟಣದಲ್ಲಿರುವ, 1973ರಲ್ಲಿ ಕೆಲವರು ಸೇರಿ ಆರಂಭಿಸಿದ ಸಂಗ್ರಹಾಲಯ ಮುಚ್ಚಿದ ಸಂಘಗಳ, ತೀರಿಕೊಂಡ ತನಿಖೆಗಾರರ ಕಾಗದಗಳನ್ನು ದೇಶವಿದೇಶಗಳಿಂದ ತರಿಸಿಕೊಂಡು, ಇಂದು ಈ ವಿಷಯದ ಜಗತ್ತಿನ ಅತಿದೊಡ್ಡ ಸಂಗ್ರಹಗಳಲ್ಲಿ ಒಂದಾಗಿದೆ. ಅಲ್ಲಿ ಕೆಲಸ ಮಾಡುವವರಿಗೆ ಕಂಡದ್ದು ಏನೆಂಬ ವಿಷಯದಲ್ಲಿ ಪರಸ್ಪರ ಒಮ್ಮತ ಇರಲೇಬೇಕೆಂದಿಲ್ಲ. ಕಾಗದ ಉಳಿಯಬೇಕೆಂಬ ಒಮ್ಮತ ಸಾಕು.

ಹೇಳಿಕೆಗಳನ್ನು ಬಿಟ್ಟು ಉಪಕರಣಗಳತ್ತ ಹೊರಳಿದವರೂ ಇದ್ದಾರೆ. ನಾರ್ವೆಯ ಹೆಸ್ಡಾಲೆನ್ ಕಣಿವೆಯಲ್ಲಿ 1981ರ ಕೊನೆಯಿಂದ ಬೆಳಕುಗಳು ಪದೇಪದೇ ಕಾಣತೊಡಗಿದಾಗ, ಆಸಕ್ತರ ಗುಂಪೊಂದು 1984ರ ಕೊರೆಯುವ ಚಳಿಗಾಲದಲ್ಲಿ ರೇಡಾರ್, ಕಾಂತಮಾಪಕ, ವರ್ಣಪಟಲದ ಕ್ಯಾಮೆರಾಗಳನ್ನು ಹೊತ್ತು ಅಲ್ಲೇ ಬೀಡುಬಿಟ್ಟಿತು. 1998ರಲ್ಲಿ ಸ್ವಯಂಚಾಲಿತ ಮಾಪನ ಕೇಂದ್ರವೂ ಸ್ಥಾಪನೆಯಾಯಿತು. ಆ ಬೆಳಕುಗಳಲ್ಲಿ ಕೆಲವಕ್ಕೆ ಎಲ್ಲರೂ ಒಪ್ಪುವ ಕಾರಣ ಇಂದಿಗೂ ಸಿಕ್ಕಿಲ್ಲ. ಟೆಕ್ಸಸ್‌ನ ಮಾರ್ಫಾ ಊರಿನ ಬೆಳಕುಗಳಿಗೆ ಮಾತ್ರ ಉತ್ತರ ಸಿಕ್ಕಿತು: 2004ರಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳು ಹೆದ್ದಾರಿಯ ವಾಹನ ಸಂಚಾರವನ್ನೂ ಬೆಳಕು ಕಾಣುವ ಸಮಯವನ್ನೂ ತಾಳೆ ನೋಡಿ, ತಮಗೆ ಕಂಡವು ದೂರದ ರಸ್ತೆಯ ಕಾರುಗಳ ದೀಪಗಳೆಂದು ತೋರಿಸಿದರು.

ಮಾರ್ಫಾದ ಮಾತು ಬಂದಾಗ ನನಗೆ ನಮ್ಮ ಘಟ್ಟದ ರಸ್ತೆಗಳು ಕಣ್ಣಮುಂದೆ ಬರುತ್ತವೆ. ಆಗುಂಬೆಯ ತಿರುವುಗಳಲ್ಲಿ ಇಳಿಯುವ ಲಾರಿಯ ದೀಪ ಮಂಜಿನ ಮೇಲೆ ಬಿದ್ದು, ಎದುರಿನ ಗುಡ್ಡದವರಿಗೆ ಕ್ಷಣಕಾಲ ಆಕಾಶದಲ್ಲೇ ತೇಲಿದಂತೆ ಕಂಡು ಮಾಯವಾಗುವುದು ಸಹಜ. ಮಲೆನಾಡಿನಲ್ಲಿ ತನಿಖೆಗೆ ಹೊರಡುವವರು ಮೊದಲು ಈ ನೆಲದ ಬೆಳಕುಗಳ ಪಟ್ಟಿಯನ್ನು ಮಾಡಿಕೊಳ್ಳಬೇಕು. ಶರಾವತಿಯ ಹಿನ್ನೀರಿನಲ್ಲಿ ಬಲೆ ಹಾಕುವವರ ದೀಪ, ಕಾಡಂಚಿನಲ್ಲಿ ರಾತ್ರಿ ಬೆಳೆ ಕಾಯುವವರ ತಲೆಗೆ ಕಟ್ಟಿದ ಬ್ಯಾಟರಿ, ಗುಡ್ಡದ ಮೇಲಿನ ಮೊಬೈಲ್ ಟವರಿನ ಕೆಂಪು ದೀಪ, ಜಾತ್ರೆಯ ಮೈದಾನದಿಂದ ಮೋಡದ ಮೇಲೆ ಬೀಳುವ ಬೆಳಕಿನ ಕೋಲು, ಮುಂಗಾರಿಗೆ ಮುನ್ನ ಒಂದೇ ಮರದಲ್ಲಿ ಒಟ್ಟಿಗೆ ಮಿನುಗುವ ಮಿಂಚುಹುಳಗಳು, ಇತ್ತೀಚೆಗೆ ಮದುವೆ ಮನೆಗಳಲ್ಲಿ ಹಾರಿಸುವ ಡ್ರೋನ್‌ಗಳು, ಎಲ್ಲವೂ ಅದರಲ್ಲಿ ಇರಬೇಕು. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ ಅದೇ ಆಗಸ್ಟ್‌ನಿಂದ ವಿಮಾನಗಳು ಬರತೊಡಗಿವೆ. ಇಳಿಯಲು ನೇರ ನಮ್ಮತ್ತ ಬರುವ ವಿಮಾನದ ಮುಂದೀಪ ಹಲವು ನಿಮಿಷ ಚಲಿಸದೆ ನಿಂತಂತೆ ಕಂಡು, ತಿರುಗಿದ ಕೂಡಲೇ ಆರಿದಂತೆ ತೋರುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಗಮನಿಸಿದಂತಿಲ್ಲ. ಶ್ರೀಹರಿಕೋಟಾ ಶಿವಮೊಗ್ಗಕ್ಕೆ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ, ಸುಮಾರು 500 ಕಿಲೋಮೀಟರ್ ದೂರದಲ್ಲಿದೆ. ಭೂಮಿಯ ಬಾಗನ್ನು ಲೆಕ್ಕಕ್ಕೆ ಹಿಡಿದರೆ, ಅಲ್ಲಿಂದ ನೆಗೆದ ರಾಕೆಟ್ಟು 20 ಕಿಲೋಮೀಟರ್‌ಗಿಂತ ಮೇಲೇರಿದ ಮೇಲೆ ನಮ್ಮ ದಿಗಂತಕ್ಕಿಂತ ಮೇಲೆ ಬರುತ್ತದೆ. ಪೂರ್ವದ ಕಡೆ ತೆರೆದಿರುವ ಎತ್ತರದ ಜಾಗವಿದ್ದು ಬಾನು ತಿಳಿಯಾಗಿದ್ದರೆ, ಮುಸ್ಸಂಜೆಯ ಅಥವಾ ನಸುಕಿನ ಉಡಾವಣೆಯ ಹೊಗೆ ಬಿಸಿಲಿಗೆ ಬೆಳಗುವುದನ್ನು ನಾವು ಕಾಣುವ ಅವಕಾಶವಿದೆ. ಆದ್ದರಿಂದ ಪೂರ್ವದ ಬೆಳಕಿನ ವರದಿ ಬಂದರೆ ಇಸ್ರೋದ ವೇಳಾಪಟ್ಟಿಯನ್ನು ಮೊದಲು ನೋಡುವುದು ಒಳ್ಳೆಯದು. ಸಾಲಾಗಿ ಸಾಗುವ ಬೆಳಕಿನ ಮಣಿಗಳೆಂದರೆ, 2019ರ ಮೇ ತಿಂಗಳಿನಿಂದ ತಂಡತಂಡವಾಗಿ ಮೇಲೇರುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಸಂಶಯಿಸಬೇಕು; ನೆಲದಲ್ಲಿ ಕತ್ತಲಾದರೂ ಅವುಗಳ ಎತ್ತರದಲ್ಲಿ ಇನ್ನೂ ಬಿಸಿಲಿರುವ ಹೊತ್ತಿನಲ್ಲಿ ಅವು ಕಾಣುತ್ತವೆ.

ಹೇಳಿಕೆ ಪಡೆಯಲು ಹಳ್ಳಿಗೆ ಹೋದಾಗ ನಡೆದುಕೊಳ್ಳುವ ರೀತಿಯ ಬಗ್ಗೆ ಒಂದೆರಡು ಮಾತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದ್ದು ಈ ನಾಡಿನ ಹೆಮ್ಮೆಯ ಸಂಗತಿ. ಆದರೆ ಆ ಸಮಿತಿಯ ಎದುರಿಗಿದ್ದುದು ಶಕ್ತಿ ತಮ್ಮಲ್ಲಿದೆಯೆಂದು ಸಾರುವವರು. ನಮ್ಮ ಎದುರಿಗಿರುವುದು ಏನನ್ನೋ ಕಂಡು ಗಾಬರಿಯಾದವರು. ಇಬ್ಬರನ್ನೂ ಒಂದೇ ಧಾಟಿಯಲ್ಲಿ ಪ್ರಶ್ನಿಸಬಾರದು. ಅಜ್ಜಿಯೊಬ್ಬರು "ಅದು ಚೌಡಿಯ ದೀಪ ಮಗಾ" ಎಂದರೆ ಆ ಮಾತನ್ನು ಹಾಗೆಯೇ ಬರೆದುಕೊಂಡು, ದೀಪ ಯಾವ ಮರದ ನೇರಕ್ಕಿತ್ತು ಎಂದು ಕೇಳಬೇಕು. ಚಾಚಿದ ಕೈಯ ಮುಷ್ಟಿ ಬಾನಿನಲ್ಲಿ ಸುಮಾರು ಹತ್ತು ಡಿಗ್ರಿ ಮುಚ್ಚುತ್ತದೆ, ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ ಮಾತ್ರ; ಕಂಡವರನ್ನು ಕಂಡ ಜಾಗದಲ್ಲೇ ನಿಲ್ಲಿಸಿ, ಗುಡ್ಡದ ಅಂಚಿನಿಂದ ಎಷ್ಟು ಮುಷ್ಟಿ ಎಂದು ತೋರಿಸಲು ಹೇಳಿದರೆ, ಓದು ಬರಹ ಬಾರದವರೂ ನಿಖರವಾದ ಕೋನ ಕೊಡಬಲ್ಲರು. ಇಬ್ಬರು ಕಂಡಿದ್ದರೆ ಬೇರೆಬೇರೆಯಾಗಿ ಕೇಳಬೇಕು. ಸುದ್ದಿವಾಹಿನಿಯವರು ತಲುಪುವ ಮೊದಲೇ ಕೇಳಬೇಕು ಎಂದು ಸೇರಿಸುವುದು ಅನಗತ್ಯವೆಂದುಕೊಂಡಿದ್ದೇನೆ.

ಉಪನ್ಯಾಸ ಮುಗಿದ ಮೇಲೆ ಹೊಸನಗರದ ಕಡೆಯ ಹಿರಿಯರೊಬ್ಬರು ಹೀಗೆ ಕೇಳಿದರು: "ನಾವು ಸಣ್ಣವರಿದ್ದಾಗ ಗದ್ದೆಬಯಲಿನಲ್ಲಿ ಕೊಳ್ಳಿದೆವ್ವ ಕಾಣುತ್ತಿತ್ತು ಎಂದು ಎಲ್ಲರೂ ಹೇಳುತ್ತಿದ್ದರು. ಈಗ ಯಾರಿಗೂ ಕಾಣುವುದಿಲ್ಲ. ಅದನ್ನೂ ನಿಮ್ಮ ನಮೂನೆಯಲ್ಲಿ ಬರೆಯುತ್ತೀರಾ?"

ಖಂಡಿತ ಬರೆಯಬೇಕು ಎಂದು ಉತ್ತರಿಸಿದೆ. ಕೊಳೆತ ಸಸ್ಯಗಳಿರುವ ಜೌಗಿನಲ್ಲಿ ಮೀಥೇನ್ ಹುಟ್ಟುತ್ತದೆ, ಫಾಸ್ಫರಸ್ಸಿನ ಕೆಲವು ಅನಿಲಗಳು ಗಾಳಿಗೆ ತಾಗಿದರೆ ತಾವಾಗಿಯೇ ಹೊತ್ತಿಕೊಳ್ಳಬಲ್ಲವು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹೈನೆಕ್ ಅವರು ಹೇಳಿ ಪೇಚಿಗೆ ಸಿಲುಕಿದ್ದೂ ಇದನ್ನೇ. ಆದರೆ ಹಳಬರು ವರ್ಣಿಸುವ ತಣ್ಣನೆಯ, ತೇಲಾಡುವ ಬೆಳಕನ್ನು ಈ ವಿವರಣೆ ಪೂರ್ತಿಯಾಗಿ ಒಳಗೊಳ್ಳುತ್ತದೆಂದು ಹೇಳುವಷ್ಟು ಪುರಾವೆ ಯಾವ ದೇಶದಲ್ಲೂ ಸಿಕ್ಕಿಲ್ಲ. ಗದ್ದೆಗಳು ಅಡಿಕೆ ತೋಟಗಳಾಗಿ ಜೌಗು ಒಣಗಿದ್ದೋ, ಮನೆಮನೆಗೆ ವಿದ್ಯುತ್ತು ಬಂದು ಕತ್ತಲೆ ಕಡಿಮೆಯಾಗಿದ್ದೋ, ರಾತ್ರಿ ಸೂಡಿ ಹಿಡಿದು ನಡೆಯುವವರೇ ಇಲ್ಲವಾದದ್ದೋ, ಯಾವುದು ಕಾರಣವೆಂದು ತಿಳಿಯಬೇಕಾದರೆ ಕಂಡ ಜಾಗ, ಕಂಡ ತಿಂಗಳು, ಆಗ ಅಲ್ಲಿದ್ದ ಬೆಳೆ ಇವು ಬೇಕು. ಎಂಬತ್ತು ದಾಟಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಇದನ್ನು ಕೇಳಿ ಬರೆದುಕೊಳ್ಳಬೇಕು. ಬರೆದ ಪ್ರತಿಗಳಲ್ಲಿ ಒಂದನ್ನು ಊರಿನ ಶಾಲೆಯಲ್ಲಿ, ಇನ್ನೊಂದನ್ನು ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಇಡಬೇಕು. ಪ್ರಶ್ನೆ ಕೇಳಿದ ಹಿರಿಯರನ್ನೇ ಮೊದಲ ನಮೂನೆ ತುಂಬಿಸಿಕೊಡುವಂತೆ ವಿನಂತಿಸಿದೆ. ತಮಗೆ ಅಲ್ಲ, ತಮ್ಮ ಅಣ್ಣನಿಗೆ ಕಂಡದ್ದು, ಅವರನ್ನೇ ಕೇಳಿ ಎಂದು ವಿಳಾಸ ಬರೆದುಕೊಟ್ಟರು.